ಹೈಡೆಲ್‌ಬರ್ಗ್‌ನ ಇರುಳು, ಕೈಯಲ್ಲೊಂದು ಕ್ಯಾಮೆರಾ

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕುಡಿತಕ್ಕೆ ಸ್ಮಾರಕಗಳಿವೆ. ಬೆಟ್ಟದ ಮೇಲಿನ ಪಾಳುಕೋಟೆಯ ನೆಲಮಾಳಿಗೆಯಲ್ಲಿ 1751ರಲ್ಲಿ ಕಟ್ಟಿದ ಮರದ ಪೀಪಾಯಿಯೊಂದಿದೆ. ಸುಮಾರು 2,20,000 ಲೀಟರ್ ವೈನ್ ಹಿಡಿಯುವ ಗಾತ್ರ. ಅದರ ನೆತ್ತಿಯ ಮೇಲೆ ಕುಣಿಯುವುದಕ್ಕೆಂದೇ ಹಲಗೆಯ ಅಟ್ಟ. ಎದುರಿಗೆ ಪೆರ್ಕೆಯೋ ಎಂಬ ಕುಳ್ಳ ವಿದೂಷಕನ ಬೊಂಬೆ. ಹಿಂದೊಂದು ಕಾಲದಲ್ಲಿ ಅರಮನೆಯ ಪೀಪಾಯಿ ಕಾಯುತ್ತಿದ್ದ ಇವನು ಜೀವಮಾನವೆಲ್ಲ ವೈನ್ ಕುಡಿದುಕೊಂಡು ಗಟ್ಟಿಮುಟ್ಟಾಗಿದ್ದನಂತೆ. ಯಾರದೋ ಮಾತು ಕೇಳಿ ಒಂದು ಲೋಟ ನೀರು ಕುಡಿದು ಸತ್ತನಂತೆ. ಬೆಟ್ಟ ಇಳಿದು ಊರೊಳಗೆ ಬಂದರೆ ಹಳೆಯ ವಿಶ್ವವಿದ್ಯಾಲಯದ ಬೆನ್ನಿಗೇ, ಕುಡಿದು ಗಲಾಟೆ ಎಬ್ಬಿಸಿದ ವಿದ್ಯಾರ್ಥಿಗಳನ್ನು ಕೂಡಿಹಾಕುತ್ತಿದ್ದ ಸೆರೆಮನೆ. ಈಗ ಟಿಕೆಟ್ಟು ತೆಗೆದುಕೊಂಡು ಒಳಗೆ ಹೋಗಬಹುದು.

ವಿಶ್ವವಿದ್ಯಾಲಯ 1386ರದು. ಇಂದಿನ ಜರ್ಮನಿಯಲ್ಲಿ ಅದಕ್ಕಿಂತ ಹಳೆಯದಿಲ್ಲ. ಒಂದೂವರೆ ಲಕ್ಷ ಚಿಲ್ಲರೆ ಜನರ ಊರಿನಲ್ಲಿ ಸುಮಾರು ಮೂವತ್ತು ಸಾವಿರ ವಿದ್ಯಾರ್ಥಿಗಳು. ಮಣಿಪಾಲವನ್ನೋ ಧಾರವಾಡವನ್ನೋ ಕಂಡವರಿಗೆ ಇಂಥ ಊರಿನ ಲೆಕ್ಕಾಚಾರ ಗೊತ್ತು. ಬಾಡಿಗೆ ಕೋಣೆ, ಝೆರಾಕ್ಸ್ ಅಂಗಡಿ, ಖಾನಾವಳಿ, ಬಾರು ಎಲ್ಲವೂ ಹುಡುಗರನ್ನೇ ನಂಬಿಕೊಂಡಿರುತ್ತವೆ. ಊರಿನ ಹಿರಿಯರು ಅವರನ್ನು ಬೈಯುತ್ತಲೇ ಮಹಡಿ ಬಾಡಿಗೆಗೆ ಕೊಡುತ್ತಾರೆ. ಆದರೆ ಈ ಊರಿನ ಹುಡುಗರ ಕುಡಿತವನ್ನು ಲೋಕವೇ ನೋಡಿದೆ. 1901ರಲ್ಲಿ ವಿಲ್‌ಹೆಲ್ಮ್ ಮೇಯರ್-ಫೋರ್ಸ್ಟರ್ ‘ಆಲ್ಟ್-ಹೈಡೆಲ್‌ಬರ್ಗ್’ ಎಂಬ ನಾಟಕ ಬರೆದ. ಓದಲು ಬಂದ ರಾಜಕುಮಾರ, ಹಾಡು, ಬಿಯರು, ಛತ್ರದ ಹುಡುಗಿಯ ಮೇಲೆ ಪ್ರೀತಿ. 1924ರಲ್ಲಿ ಅದು ‘ದಿ ಸ್ಟೂಡೆಂಟ್ ಪ್ರಿನ್ಸ್’ ಎಂಬ ಹೆಸರಿನಲ್ಲಿ ಬ್ರಾಡ್‌ವೇ ಹತ್ತಿತು. 1927ರಲ್ಲಿ ಎರ್ನ್ಸ್ಟ್ ಲುಬಿಚ್ ಹಾಲಿವುಡ್ಡಿನಲ್ಲಿ ಅದನ್ನು ಮೂಕಿಚಿತ್ರ ಮಾಡಿದ. ಹೀಗಾಗಿ ಇಲ್ಲಿಗೆ ಬರುವ ಪ್ರವಾಸಿ ಅಮಲಿನ ಒಂದು ಸಿನಿಮಾವನ್ನು ಕಣ್ಣಲ್ಲಿ ತುಂಬಿಕೊಂಡೇ ಬಂದಿರುತ್ತಾನೆ.

ನಾನು ಮ್ಯಾನ್‌ಹೈಮ್‌ನ ಬಂಧುಗಳ ಮನೆಗೆ ಬಂದಿದ್ದೆ. ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆ ದಾರಿ. ಬೇಸಿಗೆಯ ಶನಿವಾರ. ಒಂಬತ್ತೂವರೆಯಾದರೂ ಆಕಾಶದಲ್ಲಿ ಬೆಳಕು. ಬಿಸ್ಮಾರ್ಕ್‌ಪ್ಲಾಟ್ಸ್ ಎಂಬ ಟ್ರಾಮ್ ಚೌಕದಲ್ಲಿ ಮೂವರು ಕನ್ನಡದ ವಿದ್ಯಾರ್ಥಿಗಳು ಕಾದಿದ್ದರು: ಹುಬ್ಬಳ್ಳಿಯವನೊಬ್ಬ, ತಿಪಟೂರಿನವನೊಬ್ಬ, ಪುತ್ತೂರಿನವಳೊಬ್ಬಳು. ಹುಬ್ಬಳ್ಳಿಯವನ ಕೈಯಲ್ಲಿ ಹಳೆಯ ಹ್ಯಾಂಡಿಕ್ಯಾಮ್, ಪುಟ್ಟ ಕ್ಯಾಸೆಟ್ ಹಾಕುವಂಥದ್ದು. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡಿದ್ದನಂತೆ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಈಗ ಇಂಥ ಕ್ಯಾಮೆರಾಗಳ ಹುಚ್ಚು ಮತ್ತೆ ಹಿಡಿದಿದೆ. ‘ಸರ, ಫೋನಿನ್ಯಾಗ ಎಲ್ಲಾ ಭಾಳ ಚೊಕ್ಕ ಕಾಣತೈತ್ರಿ. ರಾತ್ರಿ ರಾತ್ರಿಗತೆ ಕಾಣಬೇಕಂದ್ರ ಇದ ಬೇಕು’ ಎಂದ. ಕ್ಯಾಸೆಟ್ಟಿನ ಆಯಸ್ಸು ಅರವತ್ತು ನಿಮಿಷ. ಒಂದು ಗುಂಡಿ ಒತ್ತಿದರೆ ಕತ್ತಲಲ್ಲೂ ಚಿತ್ರ ಮೂಡುತ್ತದೆ. ಮುಖಗಳೆಲ್ಲ ಪಾಚಿ ಹಸಿರು, ಕಣ್ಣುಗಳೆರಡೂ ಬಿಳಿ ಚುಕ್ಕೆ.

ನಾನು ಒಂದು ಲೋಟ ವೈನಿಗೆ ಮೇಲೆ ಹೋಗುವವನಲ್ಲ ಎಂದು ತಿಳಿದದ್ದೇ ತಿಪಟೂರಿನವನು ತೀರ್ಪು ಕೊಟ್ಟುಬಿಟ್ಟ: ‘ಹಂಗಾದ್ರೆ ಕ್ಯಾಮ್ರಾ ನೀವೇ ಇಟ್ಕಳಿ ಸಾರ್.’ ಎಲ್ಲ ಕುಡುಕರ ಗುಂಪಿನಲ್ಲೂ ಇದೊಂದು ಅಲಿಖಿತ ನಿಯಮ. ಕುಡಿಯದವನಿಗೆ ಗಾಡಿಯ ಕೀಲಿ, ಚೀಲ, ಬಿಲ್ಲಿನ ಲೆಕ್ಕ. ಈ ಕಾಲದಲ್ಲಿ ಕ್ಯಾಮೆರಾ ಕೂಡ.

ಚೌಕದಿಂದ ಹೊರಡುವ ಮುಖ್ಯಬೀದಿ ಒಂದೂವರೆ ಕಿಲೋಮೀಟರಿಗೂ ಉದ್ದ. ವಾಹನ ಇಲ್ಲ, ನಡಿಗೆಯವರಿಗಷ್ಟೇ. ಅದಕ್ಕೂ ನೆಕಾರ್ ನದಿಗೂ ನಡುವೆ ಸಮಾನಾಂತರವಾಗಿ ಓಡುವ ಸಣ್ಣ ಓಣಿಯೇ ಊಂಟೆರೆ ಸ್ಟ್ರಾಸೆ. ಹೈಡೆಲ್‌ಬರ್ಗ್‌ನ ಅಮಲು ಇರುವುದು ಇಲ್ಲಿ. ಹದಿನೇಳನೆಯ ಶತಮಾನದ ಕೊನೆಗೆ ಫ್ರೆಂಚರು ಊರನ್ನು ಸುಟ್ಟುಹಾಕಿದ ಮೇಲೆ ಹಳೆಯ ತಳಪಾಯಗಳ ಮೇಲೆಯೇ ಮತ್ತೆ ಕಟ್ಟಿದ ಮನೆಗಳು; ನೆಲದಂತಸ್ತಿನಲ್ಲೆಲ್ಲ ಪಬ್ಬು, ಮೇಲೆ ಕಿಟಕಿ ಮುಚ್ಚಿಕೊಂಡು ಮಲಗಲು ಹೆಣಗುವ ಸಂಸಾರಗಳು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಬಾರದು ಎಂಬುದು ಜರ್ಮನಿಯ ಉದ್ದಗಲದ ಶಿಸ್ತು. ಈ ಓಣಿಗೆ ಅದು ತಾಗಿದಂತಿಲ್ಲ. ಬಾರು ಮುಚ್ಚುವ ಹೊತ್ತಿನ ಬಗ್ಗೆ ನಿವಾಸಿಗಳು ನಗರಸಭೆಯೊಂದಿಗೆ ಜಗಳಾಡಿ ಕೋರ್ಟು ಹತ್ತಿದ್ದಾರೆ. ‘ನಿದ್ದೆಗೆ ಕೇಸು ಹಾಕುವ ಊರು ಮಾರಾಯ್ರೆ ಇದು’ ಎಂದಳು ಪುತ್ತೂರಿನವಳು. ವಾರದ ದಿನಗಳಲ್ಲಿ ಪ್ರಯೋಗಾಲಯ, ವಾರಾಂತ್ಯದಲ್ಲಿ ಇದೇ ಓಣಿಯ ಪಬ್ಬೊಂದರಲ್ಲಿ ಲೋಟ ತೊಳೆದು, ಬಿಯರು ಹೊತ್ತು ಖರ್ಚಿಗೆ ಸಂಪಾದಿಸುವವಳು ಅವಳು. ಆ ರಾತ್ರಿ ಅವಳಿಗೆ ರಜೆ.

ಬಿಯರು, ವೈನಿಗೆ ಇಲ್ಲಿ ಹದಿನಾರು ತುಂಬಿದರೆ ಸಾಕು. ಬಲವಾದ ಮದ್ಯಕ್ಕೆ ಹದಿನೆಂಟು. ಬೀದಿಯಲ್ಲಿ ಶೀಷೆ ಹಿಡಿದು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಲೋಟ ತಾಗಿಸುವಾಗ ಮಾತ್ರ ಎದುರಿನವರ ಕಣ್ಣನ್ನೇ ನೋಡಬೇಕು, ತಪ್ಪಿದರೆ ಕೇಡು ಎಂಬ ನಂಬಿಕೆ. ಮೊದಲ ಅರ್ಧ ಗಂಟೆ ಕ್ಯಾಮೆರಾಕ್ಕೆ ಹಬ್ಬವೇ. ಒಂದೇ ಬಣ್ಣದ ಅಂಗಿ ತೊಟ್ಟ ಹನ್ನೆರಡು ಹದಿಮೂರು ಗಂಡಸರ ಗುಂಪು ಬಂತು. ನಡುವಿನವನು ಸದ್ಯದಲ್ಲೇ ಮದುವೆಯಾಗಲಿರುವ ಮದುಮಗ. ಕೊರಳಿಗೆ ತಟ್ಟೆ ನೇತುಹಾಕಿಕೊಂಡು ಚಾಕಲೇಟು, ಬೆರಳುದ್ದದ ಮದ್ಯದ ಶೀಷೆಗಳನ್ನು ಹಾದುಹೋಗುವವರಿಗೆ ಮಾರಬೇಕು, ಬಂದ ದುಡ್ಡಿನಲ್ಲಿ ಗುಂಪು ಕುಡಿಯಬೇಕು; ಇದು ಇಲ್ಲಿನ ಮದುವೆಮುಂಚಿನ ಶಾಸ್ತ್ರ. ಹ್ಯಾಂಡಿಕ್ಯಾಮ್ ಕಂಡದ್ದೇ ಅವನು ನೆಟ್ಟಗೆ ಅದರ ಮುಂದೆ ಬಂದು ನಿಂತು ಭಾಷಣ ಶುರುಮಾಡಿದ. ನನಗೆ ತಿಳಿದದ್ದು ಹೆಂಡತಿಯಾಗುವವಳ ಹೆಸರೊಂದೇ. ಅದನ್ನು ಅವನು ಮತ್ತೆ ಮತ್ತೆ ಹೇಳುತ್ತಿದ್ದ.

ಮುಂದಿನ ಪಬ್ಬಿನ ಕಿಟಕಿಯಲ್ಲಿ ಬೇರೆಯೇ ಆಯಿತು. ಒಳಗೆ ಒಂಟಿಯಾಗಿ ಕೂತಿದ್ದ ಯುವಕನೊಬ್ಬ ಎದ್ದು ಹೊರಗೆ ಬಂದ. ಸಿಟ್ಟೇನಿಲ್ಲ. ‘ಅದರಲ್ಲಿ ನಾನಿದ್ದೇನೆ. ದಯವಿಟ್ಟು ಅಳಿಸಿ’ ಎಂದ. ಹುಬ್ಬಳ್ಳಿಯವನು ಟೇಪನ್ನು ಹಿಂದಕ್ಕೆ ಸುತ್ತಿ, ಮಸೂರಕ್ಕೆ ಮುಚ್ಚಳ ಹಾಕಿ, ಅದರ ಮೇಲೆಯೇ ಕತ್ತಲನ್ನು ಮತ್ತೆ ತುಂಬಿಸಿದ. ಯುವಕ ಪಕ್ಕದಲ್ಲೇ ನಿಂತು ಕೆಂಪು ದೀಪ ಆರುವವರೆಗೂ ನೋಡಿದ. ಆಮೇಲೆ ಒಳಗಿಂದ ತನ್ನ ಲೋಟ ತಂದು ಎಲ್ಲರಿಗೂ ತಾಗಿಸಿ, ಒಬ್ಬೊಬ್ಬರ ಕಣ್ಣನ್ನೂ ನೋಡಿ, ಹೋಗಿ ಕೂತುಕೊಂಡ.

‘ಇಲ್ಲಿ ಹಾಗೆಲ್ಲ ತೆಗೀಲಿಕ್ಕಿಲ್ಲ ಸರ್, ಕೇಳಿಯೇ ತೆಗೀಬೇಕು’ ಎಂದು ಪುತ್ತೂರಿನವಳು ಹೇಳಿದ ಕಥೆ, ನಾವು ನಡಿಗೆ ಶುರುಮಾಡಿದ ಚೌಕದ ಹೆಸರಿನವನದೇ. 1898ರ ಜುಲೈ ಕೊನೆಯಲ್ಲಿ ಜರ್ಮನಿಯ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತನ್ನ ಮನೆಯಲ್ಲಿ ಸತ್ತ. ಒಳಗಿನವನೊಬ್ಬನಿಗೆ ಲಂಚ ಕೊಟ್ಟು ಸುದ್ದಿ ತಿಳಿದ ಇಬ್ಬರು ಫೋಟೋಗ್ರಾಫರುಗಳು ಬೆಳಗಾಗುವುದರೊಳಗೆ ಕೋಣೆಗೆ ನುಗ್ಗಿ ಹೆಣದ ಚಿತ್ರ ತೆಗೆದರು. ಸಾಮ್ರಾಜ್ಯ ಕಟ್ಟಿದ ಉಕ್ಕಿನ ಮನುಷ್ಯ, ತಲೆಗೆ ಬಟ್ಟೆ ಕಟ್ಟಿಸಿಕೊಂಡು, ದಿಂಬಿನೊಳಗೆ ಕುಸಿದ ಮುದುಕನಾಗಿ ಅದರಲ್ಲಿ ಸಿಕ್ಕಿಬಿದ್ದ. ಕುಟುಂಬದವರು ಕೋರ್ಟಿಗೆ ಹೋದರು, ಚಿತ್ರ ಜಪ್ತಿಯಾಯಿತು, ತೆಗೆದವರಿಗೆ ಜೈಲಾಯಿತು. ಆದರೆ ಒಬ್ಬನ ಚಿತ್ರದ ಮೇಲೆ ಅವನಿಗೇ ಹಕ್ಕಿದೆ ಎಂದು ನೇರವಾಗಿ ಹೇಳುವ ಕಾನೂನು ಆಗ ಇರಲಿಲ್ಲ. ಆ ಕೊರತೆ ತುಂಬಿದ್ದು 1907ರ ಕಾಯಿದೆ. ಚಿತ್ರದಲ್ಲಿರುವವರ ಒಪ್ಪಿಗೆಯಿಲ್ಲದೆ ಚಿತ್ರವನ್ನು ಹಂಚುವಂತಿಲ್ಲ ಎಂಬ ಅದರ ಮೂಲತತ್ವ ಇವತ್ತಿಗೂ ಜಾರಿಯಲ್ಲಿದೆ. ಮೊಬೈಲು ಬಂದ ಮೇಲೆ, 2015ರಲ್ಲಿ, ದಂಡಸಂಹಿತೆಯಲ್ಲೇ ಇನ್ನೊಂದು ಮಾತು ಸೇರಿತು. ಇನ್ನೊಬ್ಬರ ಅಸಹಾಯಕ ಸ್ಥಿತಿಯನ್ನು ಪ್ರದರ್ಶನಕ್ಕಿಡುವ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯುವುದೇ ಅಪರಾಧ. ಎರಡು ವರ್ಷದವರೆಗೆ ಸೆರೆ ಅಥವಾ ದಂಡ. ‘ಕುಡಿದು ಮೋರಿಗೆ ಬಿದ್ದವನದ್ದು ಕೂಡ ತೆಗೀಲಿಕ್ಕಿಲ್ಲ’ ಎಂದು ಅವಳು ಮುಗಿಸಿದಳು.

ಸತ್ತ ಚಾನ್ಸಲರನ ಮಾನ ಕಾಯಲು ಹೊರಟ ತರ್ಕ ಕೊನೆಗೆ ಬೀದಿಯ ಕುಡುಕನನ್ನೂ ಮುಟ್ಟಿತು ಎಂಬುದು ನನಗೆ ಆ ಊರಿನ ಕೋಟೆ, ಪೀಪಾಯಿಗಳಿಗಿಂತ ದೊಡ್ಡ ಸಂಗತಿಯಾಗಿ ಕಂಡಿತು.

ಅದರ ಪರೀಕ್ಷೆ ಒಂದು ಗಂಟೆಯೊಳಗೆ ಬಂತು. ತಿಪಟೂರಿನವನು ಬಿಯರಿನ ಮೇಲೆ ಹಣ್ಣಿನ ಬಟ್ಟಿಸಾರಾಯಿ ಏರಿಸಿದ್ದ. ಹೈಲಿಗ್‌ಗೈಸ್ಟ್ ಚರ್ಚಿನ ಪಕ್ಕದ ಕಲ್ಲುಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಮೊದಲು ನಕ್ಕ, ಆಮೇಲೆ ಅತ್ತ. ಜರ್ಮನಿಯ ವಿಶ್ವವಿದ್ಯಾಲಯಗಳು ಪುಕ್ಕಟೆ ಎಂಬ ಮಾತು ನಮ್ಮೂರಲ್ಲಿ ಚಾಲ್ತಿಯಲ್ಲಿದೆ; ಹೈಡೆಲ್‌ಬರ್ಗ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಒಕ್ಕೂಟದ ಆಚೆಯಿಂದ ಬಂದವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಹಾಕುತ್ತದೆ. ಅದಕ್ಕೂ ಮೊದಲು, ವೀಸಾಕ್ಕೆಂದು ಒಂದು ವರ್ಷದ ಖರ್ಚಿನ ದುಡ್ಡನ್ನು ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. ಈಚಿನ ಲೆಕ್ಕದಲ್ಲಿ ಅದು 11,904 ಯೂರೋ. ಈ ಎರಡು ಅಂಕಿಗಳನ್ನು ಅವನು ಮಗ್ಗಿಯ ಹಾಗೆ ಒಪ್ಪಿಸುತ್ತ, ನಡುನಡುವೆ ಅಪ್ಪನ ತೋಟದ ಎಕರೆ, ಕೊಬ್ಬರಿಯ ಧಾರಣೆ, ಪರೀಕ್ಷೆಯಲ್ಲಿ ಹೋದ ಒಂದು ವಿಷಯ ಎಲ್ಲವನ್ನೂ ಎಳೆದು ತರುತ್ತಿದ್ದ. ಮೂಗು ಸುರಿಯುತ್ತಿತ್ತು. ಒಂದು ಶೂ ಕಳಚಿ ಕೆಳಗಿನ ಮೆಟ್ಟಿಲಿಗೆ ಉರುಳಿತ್ತು.

ಹುಬ್ಬಳ್ಳಿಯವನು ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡ. ಅವನಲ್ಲಿ ಕೇಡಿರಲಿಲ್ಲ, ‘ನಾಳೆ ತೋರಿಸಿದ್ರ ಬುದ್ಧಿ ಬರತೈತ್ರಿ’ ಎಂದ. ನಮ್ಮಲ್ಲಿ ಕುಡಿದವನ ವಿಡಿಯೊ ಮಾಡುವವರೆಲ್ಲ ಹೇಳುವ ಮಾತು ಅದೇ. ಪುತ್ತೂರಿನವಳು ಮಾತಾಡಲಿಲ್ಲ. ಅಂಗೈಯನ್ನು ಮಸೂರದ ಮೇಲಿಟ್ಟಳು, ಇನ್ನೊಂದು ಕೈಯಲ್ಲಿ ನೀರಿನ ಶೀಷೆಯನ್ನು ತಿಪಟೂರಿನವನ ತುಟಿಗೆ ಹಿಡಿದಳು. ಕ್ಯಾಮೆರಾ ಚೀಲ ಸೇರಿತು. ಹುಬ್ಬಳ್ಳಿಯವನು ಕೆಳಗಿನ ಮೆಟ್ಟಿಲಿಂದ ಶೂ ಎತ್ತಿ ತಂದು ಗೆಳೆಯನ ಕಾಲಿಗೆ ಹಾಕಿದ, ಲಾಡಿ ಕಟ್ಟಿದ.

ಹಾಗಾದರೆ ನೀವೀಗ ಬರೆಯುತ್ತಿರುವುದೇನು ಎಂದು ಓದುಗರು ಕೇಳಬಹುದು. ಕೇಳಬೇಕು. ಅವರ ಊರಿನ ಹೆಸರುಗಳನ್ನು ಬದಲಿಸಿದ್ದೇನೆ. ಮೆಟ್ಟಿಲ ಮೇಲೆ ಅತ್ತವನಿಗೆ ಈ ಭಾಗವನ್ನು ಕಳಿಸಿ ಓದಿಸಿದ್ದೇನೆ. ಒಂದು ವಾಕ್ಯ ತೆಗೆಯಿರಿ ಎಂದ; ತೆಗೆದಿದ್ದೇನೆ.

ನದಿಯ ಗಾಳಿಗೆ ಅವನು ಸ್ವಲ್ಪ ಚೇತರಿಸಿಕೊಳ್ಳಲೆಂದು ಹಳೆಯ ಸೇತುವೆಗೆ ನಡೆದೆವು. ಸೇತುವೆಯ ಬಾಗಿಲಲ್ಲಿ ಕಂಚಿನ ಕೋತಿಯೊಂದಿದೆ. ಹದಿನೈದನೆಯ ಶತಮಾನದಿಂದ ಇದ್ದ ಕೋತಿ ಫ್ರೆಂಚರು ಊರು ಸುಟ್ಟ ಆ ಯುದ್ಧದಲ್ಲಿ ಹಾಳಾಗಿ, ಈಗಿನದನ್ನು ಗೆರ್ನೋಟ್ ರುಂಫ್ ಎಂಬ ಶಿಲ್ಪಿ 1979ರಲ್ಲಿ ಮಾಡಿಕೊಟ್ಟ. ಅದರ ತಲೆ ಟೊಳ್ಳು. ಪ್ರವಾಸಿಗರು ತಮ್ಮ ತಲೆಯನ್ನು ಅದರೊಳಗೆ ತೂರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಕೈಯಲ್ಲಿ ಕನ್ನಡಿ. ನನ್ನನ್ನು ನೋಡಿ ನಗುವವನೇ, ಮೊದಲು ನಿನ್ನನ್ನು ನೋಡಿಕೋ ಎಂಬುದು ಅದರ ತಾತ್ಪರ್ಯ. ಕನ್ನಡಿ ಮುಟ್ಟಿದರೆ ದುಡ್ಡು ಬರುತ್ತದೆಂಬ ನಂಬಿಕೆಯೂ ಇದೆ. ಕೋತಿಗೆ ಹೆಂಡ ಕುಡಿಸಿದ ಹಾಗೆ ಎನ್ನುವ ನಾಡಿನಿಂದ ಹೋದ ನಮಗೆ ಅದನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ತಿಪಟೂರಿನವನು ಕನ್ನಡಿಯನ್ನು ಎರಡೂ ಕೈಯಲ್ಲಿ ಉಜ್ಜಿದ. ‘ಸೆಮಿಸ್ಟರ್ ಫೀಸು’ ಎಂದ. ಆ ರಾತ್ರಿ ನಾವೆಲ್ಲ ಒಟ್ಟಿಗೆ ನಕ್ಕದ್ದು ಆಗ.

ಸೇತುವೆಯ ತುದಿಯಲ್ಲಿ ಕಸದ ಡಬ್ಬಿಯ ಪಕ್ಕ ಖಾಲಿ ಬಿಯರು ಶೀಷೆಗಳು ಸಾಲಾಗಿ ನಿಂತಿದ್ದವು. ಡಬ್ಬಿಯ ಒಳಗೆ ಹಾಕದೆ ಪಕ್ಕದಲ್ಲಿಡುವುದು ಇಲ್ಲಿನ ಹುಡುಗರ ಮರ್ಯಾದೆ. ಮಾಮೂಲಿ ಬಿಯರು ಶೀಷೆ ಹಿಂದಿರುಗಿಸಿದರೆ 8 ಸೆಂಟ್, ತಗಡಿನ ಡಬ್ಬಿಗೆ 25 ಸೆಂಟ್ ಠೇವಣಿ ವಾಪಸು ಸಿಗುತ್ತದೆ. ಅದನ್ನೇ ಆರಿಸಿ ಬದುಕಿಗೆ ಕೂಡಿಸಿಕೊಳ್ಳುವ ಮುದುಕರಿದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಗಾಲಿಯ ಚೀಲ, ಬೆರಳಷ್ಟು ಟಾರ್ಚು ಹಿಡಿದ ಒಬ್ಬರು ಬಂದು ಶೀಷೆಗಳನ್ನು ಸದ್ದಾಗದಂತೆ ಒಂದೊಂದಾಗಿ ಚೀಲದಲ್ಲಿಟ್ಟುಕೊಂಡರು. ಅವರಿಗೆ ಕಸದಲ್ಲಿ ಕೈ ಹಾಕುವ ಪ್ರಸಂಗ ಬರದಂತೆ ಯಾರೋ ಕುಡುಕರು ಮೊದಲೇ ನೋಡಿಕೊಂಡಿದ್ದರು. ಹುಬ್ಬಳ್ಳಿಯವನ ಕೈ ಕ್ಯಾಮೆರಾದ ಚೀಲದ ಕಡೆ ಹೋಗಲಿಲ್ಲ.

ಮರುದಿನ ನಾನೊಬ್ಬನೇ ಆ ವಿದ್ಯಾರ್ಥಿ ಸೆರೆಮನೆಗೆ ಹೋದೆ. 1778ರಿಂದ 1914ರವರೆಗೆ ಇದು ಬಳಕೆಯಲ್ಲಿತ್ತು. ರಾತ್ರಿ ಗಲಾಟೆ, ಬೀದಿದೀಪ ಆರಿಸುವುದು, ಪೊಲೀಸನ ಟೋಪಿ ಹಾರಿಸುವುದು, ಊರವರ ಹಂದಿಗಳನ್ನು ಬಿಚ್ಚಿ ಓಡಿಸುವುದು, ಕತ್ತಿ ಕಾಳಗ, ಹೀಗೆ ತಪ್ಪುಗಳು. ಶಿಕ್ಷೆ ಕೆಲವು ದಿನಗಳಿಂದ ನಾಲ್ಕು ವಾರ. ಮೊದಮೊದಲು ರೊಟ್ಟಿ ನೀರು, ಆಮೇಲೆ ಹೊರಗಿನ ಊಟಕ್ಕೂ ಬಿಯರಿಗೂ ಅವಕಾಶ, ತರಗತಿಗೆ ಹೋಗಿಬರಲು ಪರವಾನಗಿ. ಕೋಣೆಗಳಿಗೆ ‘ಗ್ರ್ಯಾಂಡ್ ಹೋಟೆಲ್’, ‘ಸಾನ್‌ಸೂಸಿ’ ಎಂದೆಲ್ಲ ಅಡ್ಡಹೆಸರು. 1878ರಲ್ಲಿ ಈ ಊರಲ್ಲಿ ತಂಗಿದ್ದ ಮಾರ್ಕ್ ಟ್ವೇನ್ ತನ್ನ ‘ಎ ಟ್ರ್ಯಾಂಪ್ ಅಬ್ರಾಡ್’ನಲ್ಲಿ ಈ ಸೆರೆವಾಸವನ್ನು ತಮಾಷೆಯಾಗಿ ವರ್ಣಿಸಿದ್ದಾನೆ. ಗೋಡೆ, ಸೂರು, ಮೆಟ್ಟಿಲಿನ ಪಕ್ಕ ಎಲ್ಲಿ ನೋಡಿದರೂ ದೀಪದ ಮಸಿಯಿಂದ ಬರೆದ ಮುಖಗಳು. ಪಕ್ಕಕ್ಕೆ ತಿರುಗಿದ ಮೂಗು, ಮೇಲೆ ಸಂಘದ ಬಣ್ಣದ ಟೋಪಿ, ಕೆಳಗೆ ಹೆಸರು, ಇಸವಿ. ಇಲ್ಲೊಮ್ಮೆ ಕೂತು ಹೋಗದಿದ್ದರೆ ಹೈಡೆಲ್‌ಬರ್ಗ್‌ನಲ್ಲಿ ಓದಿದ್ದೇ ಸುಳ್ಳು ಎನ್ನುವ ಮಟ್ಟಿಗೆ ಅದು ಪ್ರತಿಷ್ಠೆಯಾಗಿತ್ತು.

ಇದು ಉಳ್ಳವರ ಮಕ್ಕಳಿಗಿದ್ದ ಸವಲತ್ತು ಎಂಬುದನ್ನು ಮರೆಯಬಾರದು. ಊರಿನ ಕೂಲಿಯವನು ಕುಡಿದು ದೀಪ ಒಡೆದಿದ್ದರೆ ಅವನಿಗೆ ಈ ಜೈಲು ಸಿಗುತ್ತಿರಲಿಲ್ಲ. ಬಾಡೆನ್ ಪ್ರಾಂತ್ಯ ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲು ಪೂರ್ತಿ ತೆರೆದದ್ದೇ 1900ರಲ್ಲಿ. ಗೋಡೆಯ ಮೇಲಿನದು ಗಂಡಸರ ಲೋಕ. ಅಷ್ಟಾದರೂ ಆ ಮಸಿಮುಖಗಳಲ್ಲಿ ಒಂದು ನ್ಯಾಯವಿದೆ: ಅವು ಆಯಾ ಹುಡುಗರು ಉಳಿಸಲು ಬಯಸಿದ ಮುಖಗಳು. ಮೂಗು ಎಷ್ಟು ಚೂಪಿರಬೇಕು, ಯಾವ ತಪ್ಪನ್ನು ಹೆಮ್ಮೆಯಿಂದ ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದವರು ಕುಡಿದವರೇ. ನಶೆ ಇಳಿದ ಮೇಲೆ ತಾವೇ ಬರೆದದ್ದು. ಕನ್ನಡದ ಅತ್ಯಂತ ಪ್ರಸಿದ್ಧ ಕುಡುಕ, ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನ ಬಲವೂ ಇದೇ. ಮೇಷ್ಟ್ರು ಪಕ್ಕದಲ್ಲಿ ನಿಂತು ರತ್ನನನ್ನು ವರ್ಣಿಸಲಿಲ್ಲ. ತಾವು ಸರಿದು ಅವನ ಬಾಯಿಗೇ ಪದ ಕೊಟ್ಟರು. ಅವನ ಹೆಂಡತಿ, ಅವನ ದುಃಖ, ಅವನ ಕನ್ನಡಾಭಿಮಾನ ಎಲ್ಲ ಅವನದೇ ಮಾತಿನಲ್ಲಿವೆ. ಹಾಗಾಗಿಯೇ ನಾವು ಅವನನ್ನು ನೋಡಿ ನಗುವುದಕ್ಕಿಂತ ಅವನ ಜೊತೆ ನಗುತ್ತೇವೆ.

ಕುಡಿದವನು ಒಬ್ಬ, ಕ್ಯಾಮೆರಾ ಹಿಡಿದವನು ಇನ್ನೊಬ್ಬ ಆದಾಗ ಕಥೆ ಕೈ ಬದಲಾಗುತ್ತದೆ. ನಮ್ಮಲ್ಲಿ ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಕಾಲೇಜುಗಳ ಊರಾದ ಮಂಗಳೂರೇ ಸಾಕ್ಷಿ. 2009ರ ಜನವರಿಯಲ್ಲಿ ಅಲ್ಲಿನ ಪಬ್ಬೊಂದರಲ್ಲಿ ಯುವತಿಯರನ್ನು ಹೊಡೆದಟ್ಟಿದಾಗ ಟೀವಿ ಕ್ಯಾಮೆರಾ ಅಲ್ಲಿತ್ತು. 2012ರ ಜುಲೈನಲ್ಲಿ ಹೋಂಸ್ಟೇಯೊಂದರ ಹುಟ್ಟುಹಬ್ಬದ ಕೂಟದ ಮೇಲೆ ದಾಳಿಯಾದಾಗಲೂ ಇತ್ತು. ಆ ದೃಶ್ಯಗಳಿಂದ ದಾಳಿ ದೇಶಕ್ಕೆ ಗೊತ್ತಾಯಿತು ಎಂಬುದು ನಿಜ. ಪಬ್ಬಿನ ಪ್ರಕರಣದ ಆರೋಪಿಗಳು 2018ರಲ್ಲಿ ಖುಲಾಸೆಯಾದರು ಎಂಬುದೂ ನಿಜ. ಹೊಡೆದವರ ಕೇಸು ಮುಗಿಯಿತು. ಓಡುತ್ತಿರುವ ಹುಡುಗಿಯರ ದೃಶ್ಯ ಮುಗಿಯಲಿಲ್ಲ. ಈಗಂತೂ ಟೀವಿಯವರು ಬರಬೇಕಾಗಿಲ್ಲ. ಹೊಸ ವರ್ಷದ ಮುಂಜಾನೆ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೂರಾಡಿದವರ ಮುಖ ಚಂದ್ರಾ ಲೇಔಟಿನಿಂದ ಚಿಕ್ಕಮಗಳೂರಿನವರೆಗೆ ತಿಂಡಿಗೆ ಮೊದಲೇ ತಲುಪಿರುತ್ತದೆ. ಅದರಲ್ಲೂ ಹೆಣ್ಣುಮಕ್ಕಳದ್ದು ಬೇಗ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಸಿಕ್ಕಿದೆ, ಅದನ್ನು ಬೀದಿಯಲ್ಲಿ ಪಾಲಿಸುವ ರೂಢಿ ಇನ್ನೂ ಬಂದಿಲ್ಲ. ಜರ್ಮನರು ನಮಗಿಂತ ಕಡಿಮೆ ಕುಡಿಯುತ್ತಾರೆಂದಾಗಲೀ, ಕುಡಿದಾಗ ಚೆನ್ನಾಗಿ ನಡೆದುಕೊಳ್ಳುತ್ತಾರೆಂದಾಗಲೀ ನಾನು ಹೇಳಲಾರೆ. ಕುಡಿದವನಿಗೂ ಮರುದಿನ ಬೆಳಗ್ಗೆ ತಲೆಯೆತ್ತಿ ಕೆಲಸಕ್ಕೆ ಹೋಗುವ ಅಧಿಕಾರವಿದೆ ಎಂಬುದನ್ನು ಅವರು ಕಾನೂನಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಾವು ಕಾನೂನಿಗೆ ಕಾಯಬೇಕಾಗಿಲ್ಲ. ಕುಡಿದು ಬಿದ್ದವನು ಕಂಡರೆ ಫೋನು ಜೇಬಿನಲ್ಲಿರಲಿ. ನೀರು ಕೊಡಿ, ಚಪ್ಪಲಿ ಹುಡುಕಿಕೊಡಿ, ಆಟೋ ಹತ್ತಿಸಿ. ಬುದ್ಧಿ ಹೇಳಬೇಕೆನಿಸಿದರೆ ಮರುದಿನ ಅವನ ಮನೆಗೆ ಹೋಗಿ ಮುಖ ನೋಡಿ ಹೇಳಿ. ಅವನ ವಿಡಿಯೊ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸದೆ ಅಳಿಸಿಬಿಡಿ.